ಹತ್ತು ಚುಕ್ಕೆ, ಎರಡು ಗೆರೆ

ಚರ್ಚಾಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕೂರುವುದು ಭಾಷೆಯ ಅಧ್ಯಾಪಕನಿಗೆ ತಪ್ಪದ ಕರ್ಮ. ಉಚ್ಚಾರಣೆ ಶುದ್ಧವಾಗಿದೆಯೆ, ವಾದದ ಸರಣಿ ಎಲ್ಲಿಯಾದರೂ ತುಂಡಾಯಿತೆ, ಎದುರಾಳಿಯ ಮಾತನ್ನು ಕೇಳಿ ಉತ್ತರ ಕೊಟ್ಟರೆ ಅಥವಾ ಮನೆಯಲ್ಲಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದರೆ, ಇವಿಷ್ಟನ್ನು ನೋಡಿ ಅಂಕ ಹಾಕುವುದು ನನಗೆ ಇಪ್ಪತ್ತು ವರ್ಷಗಳ ಅಭ್ಯಾಸ. ಆ ಅಭ್ಯಾಸ ಸಾಲದೆಂದು ತಿಳಿದದ್ದು 2025ರಲ್ಲಿ, ನಮ್ಮ ಕಾಲೇಜಿನಲ್ಲೇ ನಡೆದ ಒಂದು ಸ್ಪರ್ಧೆಯ ಮರುದಿನ.

ಲೋಕಸಭೆಯ ಸ್ಥಾನಗಳನ್ನು ಈಗಿನ ಜನಸಂಖ್ಯೆಗೆ ಅನುಸಾರವಾಗಿ ರಾಜ್ಯಗಳಿಗೆ ಮರಳಿ ಹಂಚಬೇಕೆ, ಬೇಡವೆ ಎಂಬುದು ಅಂದಿನ ವಿಷಯ. ಕಾಲಕ್ಕೆ ತಕ್ಕ ವಿಷಯವೇ ಹೌದು. ಆ ವರ್ಷದ ಮಾರ್ಚ್ 22ರಂದು ಚೆನ್ನೈಯಲ್ಲಿ ಹಲವು ರಾಜ್ಯಗಳ ನಾಯಕರು ಕೂಡಿ ಇದನ್ನೇ ಕುರಿತು ಸಭೆ ನಡೆಸಿದ್ದರು. ನಮ್ಮ ರಾಜ್ಯದ ಉಪಮುಖ್ಯಮಂತ್ರಿಗಳೂ ಅಲ್ಲಿದ್ದರು. ಜೂನ್ ತಿಂಗಳಲ್ಲಿ, 2027ರ ಮಾರ್ಚ್ 1ನ್ನು ಗಣನೆಯ ದಿನವಾಗಿ ಇಟ್ಟುಕೊಂಡು ಜನಗಣತಿ ನಡೆಯುವುದೆಂಬ ಅಧಿಸೂಚನೆ ಹೊರಟಿತು. ವಿದ್ಯಾರ್ಥಿಗಳು ಪತ್ರಿಕೆ ಓದಿಕೊಂಡು ಬಂದಿದ್ದರು. ಮಾತಿನ ಜೊತೆಗೆ ಗೋಡೆಯ ಮೇಲೆ ಚಿತ್ರ ತೋರಿಸುವ ಅನುಕೂಲವೂ ಅವರಿಗಿತ್ತು.

ಮರುಹಂಚಿಕೆ ಬೇಕೆಂದು ವಾದಿಸಿದ ಹುಡುಗಿಯೊಬ್ಬಳು ಒಂದು ರೇಖಾನಕ್ಷೆಯನ್ನು ತೋರಿಸಿದಳು. ಅದರಲ್ಲಿ ಕರ್ನಾಟಕಕ್ಕೊಂದು ಗೆರೆ, ರಾಜಸ್ಥಾನಕ್ಕೊಂದು ಗೆರೆ. 1971ರಲ್ಲಿ ರಾಜಸ್ಥಾನದ ಗೆರೆ ನೆಲಕ್ಕೆ ಅಂಟಿಕೊಂಡಂತೆ ಹೊರಟು, ಕರ್ನಾಟಕದ ಗೆರೆಯನ್ನು ನಡುವೆ ಕತ್ತರಿಸಿ, 2011ರ ವೇಳೆಗೆ ಮಹಡಿಯೇರಿ ನಿಂತಿತ್ತು. ತೆರೆದ ಕತ್ತರಿಯಂತಿದ್ದ ಆ ಚಿತ್ರವನ್ನು ತೋರಿಸುತ್ತ ಅವಳು, ‘ಇಷ್ಟು ಬೆಳೆದವರಿಗೆ ಇಪ್ಪತ್ತೈದು, ನಮಗೆ ಇಪ್ಪತ್ತೆಂಟು, ಇದು ನ್ಯಾಯವೆ?’ ಎಂದು ಕೇಳಿದಾಗ ಸಭೆ ನಿಶ್ಶಬ್ದವಾಯಿತು. ಅನಂತರ ಬಂದ ಹುಡುಗನೂ ಅದೇ ಎರಡು ರಾಜ್ಯಗಳ ನಕ್ಷೆಯನ್ನೇ ತಂದಿದ್ದ. ಅವನ ಚಿತ್ರದಲ್ಲಿ ಎರಡು ಗೆರೆಗಳೂ ಒಡಹುಟ್ಟಿದವರಂತೆ ಜೊತೆಜೊತೆಯಾಗಿ ಏರಿದ್ದುವು; ತುದಿಯಲ್ಲಿ ಮಾತ್ರ ಕೊಂಚ ಬೇರೆಯಾಗಿದ್ದುವು. ‘ಕೂದಲೆಳೆಯ ಅಂತರಕ್ಕಾಗಿ ಒಂದು ಒಕ್ಕೂಟದ ನೆಮ್ಮದಿಯನ್ನು ಕೆಡಿಸಬೇಕೆ?’ ಎಂದು ಅವನ ಪ್ರಶ್ನೆ. ನಾವು ಮೂವರು ತೀರ್ಪುಗಾರರೂ ಭಾಷಾಧ್ಯಾಪಕರೇ. ಬಹುಮಾನ ಹುಡುಗಿಗೆ ಹೋಯಿತು. ಅವಳ ಮಾತು ಚೆನ್ನಾಗಿತ್ತು, ನಿಜ. ಆದರೆ ಗೆದ್ದದ್ದು ಮಾತಲ್ಲ, ಚಿತ್ರ.

ಆ ರಾತ್ರಿ ಒಂದು ಅನುಮಾನ ನನ್ನನ್ನು ಬಿಡಲಿಲ್ಲ. ಇಬ್ಬರೂ ಜನಗಣತಿಯ ಅಂಕಿಗಳನ್ನೇ ಬಳಸಿದೆವೆಂದು ಹೇಳಿದ್ದರು. ಹಾಗಿದ್ದರೆ ಚಿತ್ರಗಳು ಎರಡಾದುದು ಹೇಗೆ? ಒಬ್ಬರಾದರೂ ಅಂಕಿಗಳನ್ನು ತಿದ್ದಿರಬೇಕೆಂದು ನನ್ನ ಊಹೆ. ಮರುದಿನ ಅಂಕಿಗಳನ್ನು ತಾಳೆನೋಡಿದೆ. ಯಾರೂ ತಿದ್ದಿರಲಿಲ್ಲ. ಕರ್ನಾಟಕದ ಜನಸಂಖ್ಯೆ 1971ರಲ್ಲಿ 2.93 ಕೋಟಿ, 1981ರಲ್ಲಿ 3.71, 1991ರಲ್ಲಿ 4.50, 2001ರಲ್ಲಿ 5.29, 2011ರಲ್ಲಿ 6.11 ಕೋಟಿ. ರಾಜಸ್ಥಾನದ್ದು ಅದೇ ಕ್ರಮದಲ್ಲಿ 2.58, 3.43, 4.40, 5.65, 6.85 ಕೋಟಿ. ಒಟ್ಟು ಹತ್ತು ಚುಕ್ಕೆಗಳು. ಅವನವೂ ಇವೇ, ಅವಳವೂ ಇವೇ.

ಮನೆಯಲ್ಲಿ ಮಗಳ ಗ್ರಾಫ್ ಪುಸ್ತಕದಿಂದ ನಾಲ್ಕು ಹಾಳೆಗಳನ್ನು ಬೇಡಿ ತೆಗೆದುಕೊಂಡು, ಶಾಲೆ ಬಿಟ್ಟ ಮೇಲೆ ಮೊದಲ ಬಾರಿಗೆ ಪೆನ್ಸಿಲು ಹಿಡಿದು ಕುಳಿತೆ. ಓದುಗರಲ್ಲಿ ಯಾರಿಗಾದರೂ ಬಿಡುವಿದ್ದರೆ ಅವರೂ ಹೀಗೆ ಮಾಡಿ ನೋಡಬಹುದು. ಅರ್ಧ ಗಂಟೆಯ ಕೆಲಸ. ಮಲಗಿದ ಅಕ್ಷದ ಮೇಲೆ ವರ್ಷಗಳು, ಹತ್ತು ವರ್ಷಕ್ಕೆ ಎರಡು ಸೆಂಟಿಮೀಟರ್. ನಿಂತ ಅಕ್ಷದ ಮೇಲೆ ಜನಸಂಖ್ಯೆ. ಮೊದಲ ಹಾಳೆಯಲ್ಲಿ ನಿಂತ ಅಕ್ಷವನ್ನು ಸೊನ್ನೆಯಿಂದ ಎಂಟು ಕೋಟಿಯವರೆಗೆ, ಕೋಟಿಗೊಂದು ಸೆಂಟಿಮೀಟರಿನಂತೆ ಗುರುತಿಸಿದೆ. 1971ರಲ್ಲಿ ಎರಡು ಚುಕ್ಕೆಗಳ ನಡುವಣ ಅಂತರ ಮೂರೂವರೆ ಮಿಲಿಮೀಟರ್, ಮೇಲಿರುವುದು ಕರ್ನಾಟಕ. 1991ರಲ್ಲಿ ಒಂದೇ ಮಿಲಿಮೀಟರ್. ಪೆನ್ಸಿಲಿನ ಮೊನೆ ಮೊಂಡಾಗಿದ್ದರೆ ಎರಡೂ ಒಂದೇ ಚುಕ್ಕೆ. 2011ರಲ್ಲಿ ಏಳೂವರೆ ಮಿಲಿಮೀಟರ್, ಈಗ ಮೇಲಿರುವುದು ರಾಜಸ್ಥಾನ. ಇದು ಹುಡುಗನ ಚಿತ್ರ.

ಎರಡನೆಯ ಹಾಳೆಯಲ್ಲಿ ನಿಂತ ಅಕ್ಷವನ್ನು ಸೊನ್ನೆಯಿಂದ ಹೊರಡಿಸದೆ ಎರಡೂವರೆ ಕೋಟಿಯಿಂದ ಹೊರಡಿಸಿದೆ. ಕೋಟಿಗೆ ನಾಲ್ಕು ಸೆಂಟಿಮೀಟರ್ ಕೊಟ್ಟೆ. ಕೂಡಲೆ ಕತ್ತರಿ ಬಾಯಿ ತೆರೆಯಿತು. 1971ರಲ್ಲಿ ರಾಜಸ್ಥಾನದ ಚುಕ್ಕೆ ಅಡಿಗೆರೆಯಿಂದ ಬರಿಯ ಮೂರು ಮಿಲಿಮೀಟರ್ ಎತ್ತರದಲ್ಲಿದೆ. 2011ರಲ್ಲಿ ಹದಿನೇಳು ಸೆಂಟಿಮೀಟರನ್ನು ದಾಟಿದೆ. ಕಣ್ಣಿಗೆ ಇದು ಐವತ್ತು ಪಟ್ಟಿಗೂ ಮೀರಿದ ಬೆಳವಣಿಗೆ. ವಾಸ್ತವದಲ್ಲಿ ಆ ರಾಜ್ಯದ ಜನ ಆ ನಲವತ್ತು ವರ್ಷಗಳಲ್ಲಿ ಎರಡೂ ಮುಕ್ಕಾಲು ಪಟ್ಟಿಗೂ ಕೊಂಚ ಕಡಿಮೆಯಾಗಿ ಹೆಚ್ಚಿದರು. ಇದು ಹುಡುಗಿಯ ಚಿತ್ರ.

ಹಾಗಾದರೆ ಹುಡುಗಿ ನಮಗೆ ಮೋಸ ಮಾಡಿದಳೆ? ಮೊದಲು ನನಗೂ ಹಾಗೆಯೇ ಅನ್ನಿಸಿತು. ಅವಳನ್ನು ಕರೆದು ಕೇಳಿದೆ: ‘ಏನಮ್ಮಾ, ಸೊನ್ನೆಯಿಂದ ಯಾಕೆ ಶುರುಮಾಡಲಿಲ್ಲ?’ ಅವಳು ಅಳುಕದೆ, ‘ಮೊದಲು ಹಾಗೇ ಬಂದಿತ್ತು ಸರ್. ಎರಡು ಗೆರೆಯೂ ಅಂಟಿಕೊಂಡು ಏನೂ ಕಾಣುತ್ತಿರಲಿಲ್ಲ. ಕೆಳಮಿತಿಯನ್ನು ನಾನೇ ಬದಲಾಯಿಸಿದೆ’ ಎಂದಳು. ಹುಡುಗನನ್ನು ಕೇಳಿದರೆ, ‘ನಾನೇನೂ ಬದಲಾಯಿಸಲಿಲ್ಲ ಸರ್, ಕಂಪ್ಯೂಟರ್ ಕೊಟ್ಟದ್ದನ್ನೇ ತಂದೆ’ ಎಂದ. ಆ ಉತ್ತರಗಳನ್ನು ತಿರುವಿಹಾಕಿದಷ್ಟೂ ನನ್ನ ತೀರ್ಪು ಅತ್ತಿತ್ತ ತೂಗತೊಡಗಿತು. ಆಯ್ಕೆ ಮಾಡಿದವಳಿಗೆ ತಾನು ಆಯ್ಕೆ ಮಾಡಿದೆನೆಂಬ ಅರಿವಾದರೂ ಇತ್ತು. ಕಾಣಬೇಕಾದ ಒಂದು ಅಂತರ ಕಾಣುತ್ತಿಲ್ಲವೆಂಬ ಕಾರಣವೂ ಇತ್ತು. ಆಯ್ಕೆ ಮಾಡದವನು ಯಂತ್ರದ ಆಯ್ಕೆಯನ್ನು ತನ್ನ ಪ್ರಾಮಾಣಿಕತೆಯೆಂದು ತಿಳಿದಿದ್ದ.

ಅಕ್ಷ ಸೊನ್ನೆಯಿಂದಲೇ ಹೊರಡಬೇಕೆಂಬ ಒಂದು ಸರಳ ನಿಯಮವನ್ನು ತಿಳಿದವರು ಆಗಾಗ್ಗೆ ಹೇಳುವುದುಂಟು. ಕಂಬಗಳನ್ನು ನಿಲ್ಲಿಸುವ ನಕ್ಷೆಗೆ ಆ ನಿಯಮ ಸರಿ. ಕಂಬದ ಉದ್ದವೇ ಅಲ್ಲಿ ಮಾತನಾಡುತ್ತದೆ, ಬುಡ ಕಡಿದರೆ ಮಾತು ಸುಳ್ಳಾಗುತ್ತದೆ. ಗೆರೆ ಹೇಳುವುದು ಬದಲಾವಣೆಯನ್ನು, ಏರಿಳಿತವನ್ನು. ನಮ್ಮ ಮನೆಗಳಲ್ಲಿರುವ ಜ್ವರದ ಕಡ್ಡಿಯನ್ನೇ ನೋಡಿ. ಹಳೆಯ ಪಾದರಸದ ಕಡ್ಡಿಯಲ್ಲಿ ಅಂಕಿಗಳು ತೊಂಬತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟಿನಿಂದ ಹೊರಟು ನೂರೆಂಟಕ್ಕೆ ಮುಗಿಯುತ್ತವೆ. ಸೊನ್ನೆಯಿಂದ ಏಕೆ ಹೊರಡಲಿಲ್ಲವೆಂದು ಯಾವ ತಾಯಿಯೂ ವೈದ್ಯರನ್ನು ಕೇಳಿದ್ದಿಲ್ಲ. ಆಸ್ಪತ್ರೆಯ ಮಂಚದ ಬಳಿಯ ಜ್ವರದ ನಕ್ಷೆಯನ್ನು ಸೊನ್ನೆಯಿಂದ ಬರೆದರೆ ತೊಂಬತ್ತೆಂಟೂವರೆಗೂ ನೂರನಾಲ್ಕಕ್ಕೂ ಇರುವ ವ್ಯತ್ಯಾಸ ಬೆರಳುಗುರಿನಷ್ಟಾಗಿ, ರೋಗಿ ಸನ್ನಿಯಲ್ಲಿ ಬಡಬಡಿಸುತ್ತಿದ್ದರೂ ಗೆರೆ ನೆಮ್ಮದಿಯಾಗಿ ಮಲಗಿರುತ್ತದೆ.

ಇದು ಹಾಸ್ಯಕ್ಕೆ ಹೇಳಿದ ಮಾತಲ್ಲ. 2015ರ ಡಿಸೆಂಬರಿನಲ್ಲಿ ಅಮೆರಿಕದ ನ್ಯಾಷನಲ್ ರಿವ್ಯೂ ಪತ್ರಿಕೆ ಭೂಮಿಯ ಸರಾಸರಿ ಉಷ್ಣತೆಯ ಒಂದು ನಕ್ಷೆಯನ್ನು ಹಂಚಿತು. 1880ರಿಂದ ಈಚಿನ ಅಂಕಿಗಳು; ನಿಂತ ಅಕ್ಷ ಮಾತ್ರ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನಿಂದ ನೂರಹತ್ತು ಡಿಗ್ರಿ ಫ್ಯಾರನ್‌ಹೀಟಿನವರೆಗೆ ಚಾಚಿತ್ತು. ಗೆರೆ ಕೊಳದ ನೀರಿನಂತೆ ಸಮತಲ. ಭೂಮಿ ಬಿಸಿಯಾಗುತ್ತಿದೆಯೆಂಬ ಕೂಗೆಲ್ಲ ಹುಸಿಯೆಂಬುದು ಚಿತ್ರದ ಇಂಗಿತ. ಅಂಕಿಗಳಲ್ಲಿ ಒಂದೂ ತಪ್ಪಿರಬೇಕಾಗಿಲ್ಲ; ಸೊನ್ನೆಯೂ ಅಕ್ಷದೊಳಗೇ ಇತ್ತು. ಆದರೆ ಹಿಮಯುಗಕ್ಕೂ ನಮ್ಮ ಯುಗಕ್ಕೂ ಭೂಮಿಯ ಸರಾಸರಿ ಉಷ್ಣತೆಯಲ್ಲಿರುವ ವ್ಯತ್ಯಾಸವೇ ಐದಾರು ಡಿಗ್ರಿ ಸೆಲ್ಸಿಯಸ್. ಅಂಥಲ್ಲಿ ಒಂದು ಡಿಗ್ರಿಯ ಏರಿಕೆಯನ್ನು ನೂರಿಪ್ಪತ್ತು ಡಿಗ್ರಿಯ ಬಯಲಿನಲ್ಲಿ ಬಿಟ್ಟರೆ ಅದು ಕಳೆದೇಹೋಗುತ್ತದೆ.

ನಮ್ಮದೇ ಗಣತಿಯಲ್ಲಿ ಇದಕ್ಕಿಂತ ಮನಸ್ಸನ್ನು ಕಲಕುವ ಒಂದು ಉದಾಹರಣೆಯಿದೆ. 1911ರಲ್ಲಿ ಇಂದಿನ ಭಾರತದ ಎಲ್ಲೆಯೊಳಗಿನ ಜನಸಂಖ್ಯೆ 25.21 ಕೋಟಿ, 1921ರಲ್ಲಿ 25.13 ಕೋಟಿ. ಆ ಹತ್ತು ವರ್ಷಗಳಲ್ಲಿ ಜನ ಹೆಚ್ಚಲಿಲ್ಲ, ಕಡಿಮೆಯಾದರು. 1918ರ ಇನ್‌ಫ್ಲುಯೆಂಜ ಈ ನೆಲದ ಮೇಲೆ ಹಾದುಹೋದ ಗುರುತು ಅದು. ಸತ್ತವರ ಲೆಕ್ಕ ಕೋಟಿಗಳಲ್ಲಿ. 1901ರಿಂದ 2011ರವರೆಗಿನ ನಕ್ಷೆಯನ್ನು ಸೊನ್ನೆಯಿಂದ ಹೊರಡಿಸಿ ಹತ್ತು ಕೋಟಿಗೆ ಒಂದು ಸೆಂಟಿಮೀಟರ್ ಕೊಟ್ಟರೆ ಆ ಇಳಿತ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ. ಗೆರೆಯ ದಪ್ಪದೊಳಗೇ ಮುಚ್ಚಿಹೋಗುತ್ತದೆ. ನಾನು ಈ ನಕ್ಷೆಯನ್ನೂ ಬರೆದು ನೋಡಿದೆ. ಊರೂರುಗಳೇ ಬರಿದಾದ ಒಂದು ದಶಕ ಪೆನ್ಸಿಲಿನ ಮಸಿಯಲ್ಲಿ ಕಾಣದೆ ಹೋದುದನ್ನು ಕಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಇನ್ನು ನನ್ನ ಹತ್ತು ಚುಕ್ಕೆಗಳಿಗೆ ಮರಳುತ್ತೇನೆ. ಮೂರನೆಯ ಹಾಳೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ್ದು. ಮೊದಲ ಎರಡು ಹಾಳೆಗಳಲ್ಲಿಯೂ ಕರ್ನಾಟಕದ ಗೆರೆ ಅಳತೆಪಟ್ಟಿ ಇಟ್ಟು ಎಳೆದಂತೆ ನೇರವಾಗಿತ್ತು. ಕೂಡಿಸಿ ಕಳೆದು ನೋಡಿದೆ. ನಾಲ್ಕು ದಶಕಗಳಲ್ಲಿ ಹೆಚ್ಚಿದ ಜನ ಕ್ರಮವಾಗಿ 78 ಲಕ್ಷ, 78 ಲಕ್ಷ, 79 ಲಕ್ಷ, 82 ಲಕ್ಷ. ಮೆಟ್ಟಿಲುಗಳು ಬಹುಮಟ್ಟಿಗೆ ಒಂದೇ ಎತ್ತರ. ಇದನ್ನು ನೋಡಿದ ಹೊರಗಿನವನೊಬ್ಬ, ‘ನೀವು ಜನಸಂಖ್ಯೆಯನ್ನು ಹತೋಟಿಗೆ ತಂದೆವೆಂದು ಹೇಳಿಕೊಳ್ಳುತ್ತೀರಿ, ಗೆರೆ ಎಲ್ಲಿ ಬಾಗಿದೆ, ತೋರಿಸಿ’ ಎಂದರೆ ನಮ್ಮ ಬಳಿ ಉತ್ತರವಿಲ್ಲ. ದಕ್ಷಿಣದ ರಾಜ್ಯಗಳ ಇಡೀ ವಾದ ನಿಂತಿರುವುದೇ ಆ ಹತೋಟಿಯ ಮೇಲೆ! ಆದರೂ ಉತ್ತರ ಅದೇ ಅಂಕಿಗಳಲ್ಲಿದೆ. 2.93 ಕೋಟಿಗೆ ಸೇರಿದ 78 ಲಕ್ಷವೂ 5.29 ಕೋಟಿಗೆ ಸೇರಿದ 82 ಲಕ್ಷವೂ ಒಂದೇ ಬಗೆಯ ಬೆಳವಣಿಗೆಯಲ್ಲ. ಮೊದಲನೆಯದು ನೂರಕ್ಕೆ 26.7ರಷ್ಟು, ಅನಂತರ 21.1, ಆಮೇಲೆ 17.5, ಕೊನೆಯದು 15.6. ಇಳಿದದ್ದು ಸತ್ಯ, ಆ ಇಳಿತವನ್ನು ಕಾಣಿಸುವ ಶಕ್ತಿ ಸಾಮಾನ್ಯ ಅಕ್ಷಕ್ಕಿಲ್ಲ.

ಅದಕ್ಕೆ ಬೇರೊಂದು ಅಕ್ಷ ಬೇಕು. ಲಾಗರಿದಮ್ ಪ್ರಮಾಣವೆಂದು ಗಣಿತಜ್ಞರು ಕರೆಯುವ ಇದರಲ್ಲಿ ಒಂದರಿಂದ ಎರಡಕ್ಕೆ ಎಷ್ಟು ದೂರವೋ ಎರಡರಿಂದ ನಾಲ್ಕಕ್ಕೂ ಅಷ್ಟೇ ದೂರ, ನಾಲ್ಕರಿಂದ ಎಂಟಕ್ಕೂ ಅಷ್ಟೇ. ಸಮನಾದ ಕೂಡಿಕೆಗೆ ಸಮನಾದ ಅಂತರವಲ್ಲ, ಸಮನಾದ ಗುಣಾಕಾರಕ್ಕೆ ಸಮನಾದ ಅಂತರ. ನಮ್ಮ ಗಣಿತದ ಅಧ್ಯಾಪಕರು ಇದನ್ನು ವಿವರಿಸುತ್ತಿದ್ದಾಗ ನನಗೆ ನೆನಪಾದದ್ದು ಷಟ್ಪದಿಯ ಪಾಠ. ಹೊಸ ವಿದ್ಯಾರ್ಥಿ ಭಾಮಿನಿಯ ಮೊದಲೆರಡು ಸಾಲುಗಳ ಅಕ್ಷರ ಎಣಿಸುತ್ತಾನೆ. ಒಂದರಲ್ಲಿ ಹತ್ತು, ಇನ್ನೊಂದರಲ್ಲಿ ಹನ್ನೆರಡು. ಕವಿ ಲೆಕ್ಕ ತಪ್ಪಿದನೆಂದು ಅವನ ದೂರು. ಮಾತ್ರೆ ಎಣಿಸು ಎಂದರೆ ಎರಡೂ ಹದಿನಾಲ್ಕಾಗಿ ಕೂರುತ್ತವೆ. ಸಾಲು ಬದಲಾಗಿಲ್ಲ, ಅಳೆಯುವ ಮಾನ ಬದಲಾಗಿದೆ. ಇದೇ ಕಾರಣಕ್ಕೆ ವೃತ್ತವನ್ನು ಮಾತ್ರೆಯಿಂದ ಅಳೆಯುವವನೂ ತ್ರಿಪದಿಯ ಅಂಶವನ್ನು ಅಕ್ಷರವೆಂದು ತಿಳಿಯುವವನೂ ನಗೆಪಾಟಲಾಗುತ್ತಾರೆ. ಯಾವ ಪದ್ಯಕ್ಕೆ ಯಾವ ಮಾನವೆಂಬುದನ್ನು ತಿಳಿಯುವುದರಿಂದಲೇ ನಮ್ಮಲ್ಲಿ ಛಂದಸ್ಸಿನ ಪಾಠ ಆರಂಭವಾಗುತ್ತದೆ. ನಕ್ಷೆಯ ಪಾಠವೂ ಅಲ್ಲಿಂದಲೇ ಆರಂಭವಾಗಬೇಕಾಗಿತ್ತೇನೋ.

ಮೂರನೆಯ ಹಾಳೆಯಲ್ಲಿ ಇಮ್ಮಡಿಗೆ ಹತ್ತು ಸೆಂಟಿಮೀಟರಿನಂತೆ ಅಕ್ಷವನ್ನು ಗುರುತಿಸಿದೆ. ಕರ್ನಾಟಕದ ನಾಲ್ಕು ಮೆಟ್ಟಿಲುಗಳು ಈಗ 3.4, 2.8, 2.3, 2.1 ಸೆಂಟಿಮೀಟರಾದುವು. ನೇರವಾಗಿದ್ದ ಗೆರೆ ಬಿಲ್ಲಿನಂತೆ ಬಾಗಿತು. ಅರ್ಧ ಶತಮಾನದ ಶಾಲೆ, ಆಸ್ಪತ್ರೆ, ತಾಯಂದಿರ ತಿಳಿವಳಿಕೆ, ಇವೆಲ್ಲ ಸೇರಿ ಮಾಡಿದ ಕೆಲಸ ಆ ಬಾಗಿನಲ್ಲಿದೆ. ಕನ್ನಡಿಗನಾದ ನನಗೆ ಹೆಮ್ಮೆಯಾಯಿತೆಂದರೆ ಸುಳ್ಳಲ್ಲ. ಆದರೆ ಪಕ್ಕದ ಗೆರೆಯನ್ನೂ ನೋಡಬೇಕಷ್ಟೆ. ರಾಜಸ್ಥಾನದ ಮೆಟ್ಟಿಲುಗಳು 4.1, 3.6, 3.6, 2.8. ಅದೂ ಬಾಗಿದೆ! 2001ರಿಂದ 2011ರ ನಡುವೆ ಅಲ್ಲಿಯ ಬೆಳವಣಿಗೆ ನೂರಕ್ಕೆ 21.3, ಇದು ಹೆಚ್ಚುಕಡಮೆ 1981ರಿಂದ 1991ರ ನಡುವಣ ಕರ್ನಾಟಕದ ಬೆಳವಣಿಗೆ. ನಾವು ನಡೆದ ದಾರಿಯಲ್ಲೇ ಅವರೂ ನಡೆಯುತ್ತಿದ್ದಾರೆ, ಇಪ್ಪತ್ತು ವರ್ಷ ಹಿಂದಿನಿಂದ. ಕತ್ತರಿಯ ಚಿತ್ರದಲ್ಲಿ ಎದುರಾಳಿಯಂತೆ ಕಂಡವರು ಇಲ್ಲಿ ತಡವಾಗಿ ಹೊರಟ ಸಹಪ್ರಯಾಣಿಕರಂತೆ ಕಾಣುತ್ತಾರೆ. ಹುಡುಗ, ಹುಡುಗಿ ಇಬ್ಬರೂ ಈ ಚಿತ್ರವನ್ನು ತಂದಿರಲಿಲ್ಲ.

ತಂದಿದ್ದರೆ ನಮಗೆ ಅರ್ಥವಾಗುತ್ತಿತ್ತೆ? ಅದು ಬೇರೆ ಮಾತು. 2020ರಲ್ಲಿ ಕೋವಿಡ್ ಹಬ್ಬಿದಾಗ ಜಗತ್ತಿನ ದೊಡ್ಡ ಪತ್ರಿಕೆಗಳೆಲ್ಲ ಲಾಗರಿದಮ್ ಅಕ್ಷದ ನಕ್ಷೆಗಳನ್ನು ದಿನಂಪ್ರತಿ ಅಚ್ಚುಹಾಕಿದುವು. ಸೋಂಕು ಗುಣಾಕಾರದಿಂದ ಹಬ್ಬುವುದರಿಂದ ಅದೇ ತಕ್ಕ ಅಕ್ಷವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು ಅದೇ ವರ್ಷ ಅಮೆರಿಕದ ಜನರ ಮುಂದೆ ಎರಡು ಬಗೆಯ ನಕ್ಷೆಗಳನ್ನೂ ಇಟ್ಟು ಯಾವ ವಾರದಲ್ಲಿ ಸಾವು ಹೆಚ್ಚೆಂದು ಕೇಳಿದಾಗ, ಸಾಮಾನ್ಯ ಅಕ್ಷ ನೋಡಿದವರಲ್ಲಿ ನೂರಕ್ಕೆ ಸುಮಾರು 84 ಮಂದಿ ಸರಿಯಾಗಿ ಉತ್ತರಿಸಿದರು; ಲಾಗರಿದಮ್ ಅಕ್ಷ ನೋಡಿದವರಲ್ಲಿ ಸುಮಾರು 41 ಮಂದಿ ಮಾತ್ರ. ಗೆರೆ ಬಾಗುತ್ತಿದ್ದುದನ್ನು ಕಂಡವರು ಸಾವೇ ಇಳಿಯುತ್ತಿದೆಯೆಂದು ತಿಳಿದಿರಬೇಕು. ಸರಿಯಾದ ಮಾನವಾದರೂ ಓದುಗನಿಗೆ ತಿಳಿಯದಿದ್ದರೆ ತಪ್ಪು ಮಾನದಷ್ಟೇ ಕೆಡುಕು ಮಾಡುತ್ತದೆ. ನಕ್ಷೆಯ ಜೊತೆಗೆ ನಾಲ್ಕು ಸಾಲು ಗದ್ಯ ಬರೆಯುವ ಶ್ರಮವನ್ನು ನಮ್ಮ ಪತ್ರಿಕೆಗಳು ಉಳಿಸಿಕೊಳ್ಳಬಾರದೆಂದು ನಾನು ಹೇಳುವುದು ಅದಕ್ಕೆ. ಗದ್ಯ ನನ್ನ ಕಸುಬು, ಆದ್ದರಿಂದ ಹೀಗೆನ್ನುತ್ತೇನೆಂದು ಯಾರಾದರೂ ಅಂದರೆ ಅನ್ನಲಿ.

ಈಗ ನಾಲ್ಕನೆಯ ಹಾಳೆ. ಚರ್ಚೆಯ ನಿಜವಾದ ಪ್ರಶ್ನೆ ಜನಸಂಖ್ಯೆಯದಲ್ಲ, ಪ್ರಾತಿನಿಧ್ಯದ್ದು. ಪ್ರತಿಯೊಂದು ರಾಜ್ಯದಲ್ಲಿಯೂ ಸ್ಥಾನಗಳಿಗೂ ಜನಸಂಖ್ಯೆಗೂ ಇರುವ ಅನುಪಾತ ಸಾಧ್ಯವಾದಮಟ್ಟಿಗೆ ಒಂದೇ ಆಗಿರಬೇಕೆಂದು ಸಂವಿಧಾನದ 81ನೆಯ ಅನುಚ್ಛೇದ ಹೇಳಿತು. 1976ರ 42ನೆಯ ತಿದ್ದುಪಡಿ 1971ರ ಜನಗಣತಿಯನ್ನೇ ಆಧಾರವಾಗಿ ನಿಲ್ಲಿಸಿತು. 2001ರ 84ನೆಯ ತಿದ್ದುಪಡಿ ಆ ನಿಲುಗಡೆಯನ್ನು 2026ರ ಅನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಜನಸಂಖ್ಯೆಯನ್ನು ತಗ್ಗಿಸಿದ ರಾಜ್ಯಗಳಿಗೆ ಅದರಿಂದ ನಷ್ಟವಾಗಬಾರದೆಂಬುದು ಆಶಯ. ಹಾಗಾದರೆ ಒಬ್ಬ ಲೋಕಸಭಾ ಸದಸ್ಯನಿಗೆ ಎಷ್ಟು ಜನ ಎಂಬ ಲೆಕ್ಕ ಹಾಕಿ ಅದನ್ನೇ ನಕ್ಷೆಗಿಳಿಸಬೇಕು. 1971ರ ಅಂಕಿಯಂತೆ ಕರ್ನಾಟಕದ ಇಪ್ಪತ್ತೆಂಟು ಸ್ಥಾನಗಳಲ್ಲಿ ಒಂದಕ್ಕೆ ಸುಮಾರು 10.5 ಲಕ್ಷ ಜನ, ರಾಜಸ್ಥಾನದ ಇಪ್ಪತ್ತೈದರಲ್ಲಿ ಒಂದಕ್ಕೆ 10.3 ಲಕ್ಷ. ತಕ್ಕಡಿ ಸರಿಯಾಗಿ ತೂಗಿತ್ತು. 2011ರ ಅಂಕಿಯಂತೆ ಇಲ್ಲಿ 21.8 ಲಕ್ಷ, ಅಲ್ಲಿ 27.4 ಲಕ್ಷ.

ಈ ಎರಡು ಅಂಕಿಗಳನ್ನು ಇಪ್ಪತ್ತು ಲಕ್ಷದಿಂದ ಹೊರಡುವ ಅಕ್ಷದ ಮೇಲೆ ಇಟ್ಟರೆ ಒಂದು ಇನ್ನೊಂದರ ನಾಲ್ಕರಷ್ಟು ಎತ್ತರ ಕಾಣುತ್ತದೆ. ಅದು ಕಣ್ಣಿಗೆ ಮಣ್ಣೆರಚುವ ಕೆಲಸ. ಸೊನ್ನೆಯಿಂದ ನೂರು ಲಕ್ಷದವರೆಗಿನ ಅಕ್ಷದ ಮೇಲೆ ಇಟ್ಟರೆ ಭೇದವೇ ಇಲ್ಲವೆನ್ನಿಸುತ್ತದೆ, ಅದೂ ಮಣ್ಣೇ. ಸೊನ್ನೆಯಿಂದ ಮೂವತ್ತರವರೆಗೆ ಇಟ್ಟಾಗ ಕಾಲು ಭಾಗದಷ್ಟು ಹೆಚ್ಚು ಎಂಬುದು ಕಾಲು ಭಾಗದಷ್ಟು ಹೆಚ್ಚಾಗಿಯೇ ಕಾಣುತ್ತದೆ. ಈ ವಿಷಯಕ್ಕೆ ಆ ಅಕ್ಷ ಸರಿ, ಏಕೆಂದರೆ ಇಲ್ಲಿ ತೂಗುತ್ತಿರುವುದು ಒಬ್ಬನ ಮತದ ಬೆಲೆಗೂ ಇನ್ನೊಬ್ಬನ ಮತದ ಬೆಲೆಗೂ ಇರುವ ಅನುಪಾತವನ್ನು. ಈ ನಾಲ್ಕನೆಯ ಹಾಳೆ ಹುಡುಗಿಯ ಪರವಾಗಿ ನುಡಿಯುತ್ತದೆಂದು ನಾನು ಒಪ್ಪಲೇಬೇಕು. ಅವಳ ಕತ್ತರಿಯಷ್ಟು ಗಟ್ಟಿಯಾಗಿ ಅಲ್ಲದಿದ್ದರೂ ಅದಕ್ಕಿಂತ ನೇರವಾಗಿ. ಮೂರನೆಯ ಹಾಳೆ ಹುಡುಗನ ಪರವಾಗಿ, ಅವನೇ ಹೇಳಲಾರದಷ್ಟು ಚೆನ್ನಾಗಿ ನುಡಿಯುತ್ತದೆ. ಎರಡೂ ನಿಜ. ಒಂದು ಸಂಸತ್ತಿನ ಹಂಚಿಕೆಯಲ್ಲಿ ಯಾವ ನಿಜಕ್ಕೆ ಎಷ್ಟು ತೂಕ ಕೊಡಬೇಕೆಂಬುದನ್ನು ಯಾವ ಗ್ರಾಫ್ ಹಾಳೆಯೂ ತೀರ್ಮಾನಿಸಲಾರದು. ಅದು ಮಾತಿನಿಂದ, ಒಪ್ಪಂದದಿಂದ ಆಗುವ ಕೆಲಸ. ಆದರೆ ಮೊದಲೆರಡು ಹಾಳೆಗಳನ್ನು ಮುಂದಿಟ್ಟುಕೊಂಡು ಕೂತವರು ಒಪ್ಪಂದಕ್ಕೆ ಬರುವುದು ಕಷ್ಟ. ಒಬ್ಬರಿಗೆ ಕತ್ತರಿ ಕಾಣುತ್ತದೆ, ಇನ್ನೊಬ್ಬರಿಗೆ ಕೂದಲೆಳೆ.

ರೇಖಾನಕ್ಷೆಯ ಹುಟ್ಟೇ ರಾಜಕಾರಣದ ಮಡಿಲಲ್ಲಿ ಆಯಿತೆಂಬುದನ್ನು ಇಲ್ಲಿ ನೆನೆಯಬಹುದು. ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು 1786ರಲ್ಲಿ ಪ್ರಕಟಿಸಿದ ವಾಣಿಜ್ಯ ಮತ್ತು ರಾಜಕೀಯದ ನಕ್ಷೆಗಳ ಪುಸ್ತಕದಲ್ಲಿ ಇಂಗ್ಲೆಂಡಿನ ಆಯಾತ ನಿರ್ಯಾತಗಳನ್ನು ದೇಶದೇಶಗಳಿಗೆ ವಿಂಗಡಿಸಿ ಗೆರೆಗಳಾಗಿ ಬರೆದ. ನಮ್ಮ ಕಡೆಯೊಡನೆ, ಅಂದರೆ ಈಸ್ಟ್ ಇಂಡೀಸಿನೊಡನೆ, ನಡೆಯುತ್ತಿದ್ದ ವ್ಯಾಪಾರಕ್ಕೂ ಅದರಲ್ಲಿ ಒಂದು ಪುಟವಿದೆ. ಅಂಕಿಗಳ ಪಟ್ಟಿಯನ್ನು ಓದಲು ಬಿಡುವಿಲ್ಲದ ರಾಜಕಾರಣಿಯ ಕಣ್ಣಿಗೆ ಒಂದೇ ನೋಟದಲ್ಲಿ ವಿಷಯ ದಕ್ಕಬೇಕೆಂಬುದು ಅವನ ಹಂಬಲ. ದಕ್ಕಿತು, ಆದರೆ ಒಂದೇ ನೋಟದಲ್ಲಿ ದಕ್ಕುವುದು ಗೆರೆ ಮಾತ್ರ, ಅಕ್ಷಕ್ಕೆ ಎರಡನೆಯ ನೋಟ ಬೇಕು.

ನಿಂತ ಅಕ್ಷದ ಮಾತೇ ದೀರ್ಘವಾಯಿತು. ಮಲಗಿದ ಅಕ್ಷದ ವಿಷಯದಲ್ಲಿ ಮುಂದೆ ಆಗಬಹುದಾದ ಒಂದು ಅನರ್ಥವನ್ನು ಹೇಳದೆ ಬಿಡಲಾರೆ. 1881ರಿಂದ 2011ರವರೆಗೆ ನಮ್ಮ ಜನಗಣತಿ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದುಬಂದಿತ್ತು. 2021ರಲ್ಲಿ ಆಗಬೇಕಾಗಿದ್ದುದು ಆಗಲಿಲ್ಲ. 2011ರ ಎಣಿಕೆಯ ದಿನ ಮಾರ್ಚ್ 1. ಮುಂದಿನದಕ್ಕೆ ಗೊತ್ತಾದ ದಿನ 2027ರ ಮಾರ್ಚ್ 1. ನಡುವೆ ಸರಿಯಾಗಿ ಹದಿನಾರು ವರ್ಷ. ನಮ್ಮ ಹುಡುಗ ಹುಡುಗಿಯರು ಕಂಪ್ಯೂಟರಿನಲ್ಲಿ ಬಳಸುವ ಲೆಕ್ಕದ ಹಾಳೆಗೆ ವರ್ಷಗಳನ್ನು ಕೊಟ್ಟು ಸಾಧಾರಣ ರೇಖಾನಕ್ಷೆಯನ್ನು ಕೇಳಿದರೆ, ಅದು ವರ್ಷಗಳನ್ನು ಸಂಖ್ಯೆಗಳೆಂದು ತಿಳಿಯದೆ ಹೆಸರುಗಳೆಂದು ತಿಳಿದು ಸಮಾನ ದೂರದಲ್ಲಿ ಕೂರಿಸುತ್ತದೆ. 2001, 2011, 2027 ಎಲ್ಲಕ್ಕೂ ಒಂದೇ ಅಂತರ. ಹದಿನಾರು ವರ್ಷದ ಬೆಳವಣಿಗೆ ಹತ್ತು ವರ್ಷದ ಜಾಗದಲ್ಲಿ ಇಡುಕಿರಿದು ನಿಲ್ಲುತ್ತದೆ.

ಉದಾಹರಣೆಗೆ, ಭವಿಷ್ಯವಾಣಿಯಾಗಿ ಅಲ್ಲ, ಕರ್ನಾಟಕದ ಜನ ಹಿಂದಿನಂತೆಯೇ ವರ್ಷಕ್ಕೆ ಎಂಟು ಲಕ್ಷ ಇಪ್ಪತ್ತು ಸಾವಿರದಂತೆ ಹೆಚ್ಚಿದರೆಂದು ಇಟ್ಟುಕೊಳ್ಳೋಣ. ಹದಿನಾರು ವರ್ಷಕ್ಕೆ 131 ಲಕ್ಷವಾಗುತ್ತದೆ. 78, 78, 79, 82 ಎಂದು ಮೆಟ್ಟಿಲೇರಿ ಬಂದ ಗೆರೆ ಇದ್ದಕ್ಕಿದ್ದಂತೆ 131ಕ್ಕೆ ಹಾರಿದಂತೆ ಕಾಣುತ್ತದೆ. ನೆಲದ ಮೇಲೆ ಏನೂ ನಡೆದಿರುವುದಿಲ್ಲ. ಕಾಗದದ ಮೇಲೆ ಸ್ಫೋಟವಾಗಿರುತ್ತದೆ. ಪ್ರತಿ ರಾಜ್ಯಕ್ಕೂ ಹೀಗೆಯೇ. ಅಂಥ ಚಿತ್ರವೊಂದು ಮೊದಲ ದಿನವೇ ಲಕ್ಷಾಂತರ ಫೋನುಗಳಿಗೆ ಹಾರಿದ ಮೇಲೆ, ಎರಡು ಚುಕ್ಕೆಗಳ ನಡುವೆ ಹದಿನಾರು ವರ್ಷಗಳಿದ್ದುವೆಂದು ಯಾರು ಯಾರಿಗೆ ಹೇಳಬೇಕು? ಅದೇ ಯಂತ್ರದಲ್ಲಿ ಚುಕ್ಕೆಗಳನ್ನು ಸಂಖ್ಯೆಗೆ ತಕ್ಕ ಸ್ಥಳದಲ್ಲಿಡುವ ಇನ್ನೊಂದು ಬಗೆಯ ನಕ್ಷೆಯೂ ಇದೆ. ಅದನ್ನು ಆರಿಸಿದರೆ ಸಾಕು. ಆರಿಸಬೇಕೆಂದು ತಿಳಿದಿರಬೇಕು.

ಶಾಲೆಯಲ್ಲಿ ನಾವು ಗ್ರಾಫ್ ಬರೆಯುವಾಗ ಹಾಳೆಯ ಮೇಲ್ಗಡೆ ಬಲಮೂಲೆಯಲ್ಲಿ ಪ್ರಮಾಣವನ್ನು ಬರೆಯದಿದ್ದರೆ ಮೇಷ್ಟರು ಅಂಕ ಕಳೆಯುತ್ತಿದ್ದರು. ಅಂದಿಗೆ ಅದು ಕಿರುಕುಳವೆನ್ನಿಸುತ್ತಿತ್ತು. ಈಗ ನಮ್ಮ ತರಗತಿಯ ಪ್ರಬಂಧಗಳಲ್ಲಿ ನಕ್ಷೆ ಬಂದರೆ ನಾನೂ ಆ ಮೂಲೆಯನ್ನೇ ಮೊದಲು ನೋಡುತ್ತೇನೆ. ಭಾಷೆಯ ಅಧ್ಯಾಪಕನಿಗೆ ಇದೇಕೆಂದು ಸಹೋದ್ಯೋಗಿಯೊಬ್ಬರು ಕೇಳಿದರು. ಕಥೆಯೊಂದನ್ನು ಪಾಠ ಮಾಡುವಾಗ ಇದನ್ನು ಹೇಳುತ್ತಿರುವವರು ಯಾರು, ಎಲ್ಲಿ ನಿಂತು ಹೇಳುತ್ತಿದ್ದಾರೆ ಎಂದು ನಾವು ಕೇಳುವುದಿಲ್ಲವೆ ಎಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾದಂತೆ ತೋರಲಿಲ್ಲ.

ಹುಡುಗ ಹುಡುಗಿಯರನ್ನು ಮತ್ತೊಮ್ಮೆ ಕರೆಸಿ ನಾಲ್ಕು ಹಾಳೆಗಳನ್ನೂ ಮೇಜಿನ ಮೇಲೆ ಹರಡಿ ತೋರಿಸಿದೆ. ಬಹುಮಾನವನ್ನು ಹಿಂದಕ್ಕೆ ಪಡೆಯುವ ಮಾತಿರಲಿಲ್ಲ. ತಪ್ಪಿದ್ದರೆ ಅದು ತೀರ್ಪುಗಾರರದು. ಇಬ್ಬರೂ ಬಾಗಿ ಬಹಳ ಹೊತ್ತು ನೋಡಿದರು. ಮೂರನೆಯ ಹಾಳೆಯ ಅಕ್ಷದ ಮೇಲೆ ಗುರುತುಗಳು ಮೇಲೇರಿದಂತೆ ಒತ್ತೊತ್ತಾಗುವುದೇಕೆಂದು ಹುಡುಗಿ ಕೇಳಿದಳು. ಷಟ್ಪದಿಯ ಉಪಮೆಯಿಂದ ಅವಳಿಗೆ ತೃಪ್ತಿಯಾಗದೆ ಗಣಿತದ ಅಧ್ಯಾಪಕರಲ್ಲಿಗೆ ಕಳುಹಿಸಬೇಕಾಯಿತು. ಹುಡುಗ ಮೊದಲ ಹಾಳೆಯ ಬಲತುದಿಯಲ್ಲಿ ಖಾಲಿ ಬಿಟ್ಟಿದ್ದ ಜಾಗವನ್ನು ತೋರಿಸಿ, ‘ಇದು ಯಾಕೆ ಸರ್?’ ಎಂದ. 2027ಕ್ಕೆ ಎಂದೆ. ಅವನು ಜೇಬಿನಿಂದ ಅಳತೆಪಟ್ಟಿ ತೆಗೆದು ಅಳೆದು ನೋಡಿದ. ಮೂರು ಸೆಂಟಿಮೀಟರ್, ಎರಡು ಮಿಲಿಮೀಟರ್.